ಸೆಟ್ಟಿಗೆ ಬೂದುಗುಂಬಳ ಬಂದ ದಿನ

ಬೆಳಿಗ್ಗೆ ಏಳಕ್ಕೆ ಹೈದರಾಬಾದಿನ ಉಪ್ಪಲ್ ಕ್ರಾಸಿನಲ್ಲಿ ಶೂಟಿಂಗಿನ ವ್ಯಾನ್ ಹತ್ತಿ ಕೂತೆ. ಗಾಡಿ ಹೊರಟಿದ್ದೇ ಸೀಟಿನ ಕೆಳಗಿಂದ ಏನೋ ಉರುಳಿ ಬಂದು ಕಾಲಿಗೆ ಬಡಿಯಿತು. ಬಗ್ಗಿ ನೋಡಿದರೆ ಬೂದುಗುಂಬಳಕಾಯಿ. ಆರೇಳು ಕಿಲೋ ಇರಬೇಕು, ತೊಟ್ಟು ಕೂಡ ಬಿದ್ದಿರಲಿಲ್ಲ.

ಕಾಲು ಮೇಲಕ್ಕೆ ಎಳೆದುಕೊಂಡೆ.

ಹೊರಗಿನವರಿಗೆ ಅದರಲ್ಲಿ ಹುಳಿ ಕಂಡೀತು, ಹಲ್ವಾ ಕಂಡೀತು. ನಮ್ಮ ಕಸುಬಿನಲ್ಲಿ ಹಾಗಲ್ಲ. ಮೊದಲ ದಿನ ತೆಂಗಿನಕಾಯಿ, ಕೊನೆಯ ದಿನ ಕುಂಬಳಕಾಯಿ. ಕುಂಬಳಕಾಯಿ ಒಡೆದರು ಎಂದರೆ ಶೂಟಿಂಗ್ ಮುಗಿಯಿತು, ಬಣ್ಣ ತೊಳೆದುಕೊಂಡು ಮನೆಗೆ ನಡೆಯಿರಿ ಅಂತ ಅರ್ಥ. ಹೆಣದ ಪಾತ್ರ ಮಾಡಿದವರಿಗೆ ದೃಷ್ಟಿ ತೆಗೆಯಲಿಕ್ಕೂ ಒಡೆಯುವುದುಂಟು. ಆದರೆ ನಮ್ಮದು ನಗಿಸುವ ಧಾರಾವಾಹಿ, ಹನ್ನೆರಡು ವರ್ಷದಲ್ಲಿ ಒಂದು ಬೆಕ್ಕೂ ಸತ್ತಿಲ್ಲ.

‘ಮೂರು ಮನಿ ಒಂದ ನಳ’ ನೋಡದವರು ನಮ್ಮ ಕಡೆ ಕಡಿಮೆ. ಕಲಬುರಗಿಯ ಒಂದು ಓಣಿ, ಮೂರು ಸಂಸಾರ, ನಡುವೆ ನೀರಿಗೆ ಒಂದೇ ನಳ, ದಿನಾ ಜಗಳ. ಓಣಿ ಇರುವುದು ಹೈದರಾಬಾದಿನ ಹೊರಗೆ ಒಂದು ಸ್ಟುಡಿಯೋದೊಳಗೆ, ನಳಕ್ಕೆ ನೀರು ಬರುವುದು ಟ್ಯಾಂಕರಿನಿಂದ, ಅದಿರಲಿ. ಆ ನಳದ ಒಡತಿ ಶಾಂತವ್ವ ನಾನು. ನನ್ನ ಸ್ವಂತ ಹೆಸರು ವಿಶಾಲಾಕ್ಷಿ, ಅದನ್ನು ಈಗ ಆಧಾರ್ ಕಾರ್ಡ್ ಬಿಟ್ಟರೆ ಯಾರೂ ಕರೆಯುವುದಿಲ್ಲ. ಇಲ್ಲಿ ಕುಷಾಯಿಗೂಡದ ತರಕಾರಿ ಸಂತೆಯಲ್ಲಿ, ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ ಕಡೆಯ ಹೆಣ್ಣುಮಕ್ಕಳು ಸಿಮೆಂಟು ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದು, "ಶಾಂತವ್ವಾ, ಇವತ್ತ ನೀರು ಬಂದಾವೇನು?" ಅಂತ ಕೇಳುತ್ತಾರೆ. ಪ್ರತಿ ಕಂತೂ ಶುರುವಾಗುವುದೇ ಹಾಗೆ. ಗಂಡ ಮುಸುಕು ಹಾಕಿ ಮಲಗಿರುತ್ತಾನೆ, ನಾನು ಕೊಡ ಕುಕ್ಕಿ, "ನೀರು ಬಂದಾವು, ಏಳ್ರೀ" ಅನ್ನುತ್ತೇನೆ.

ನಾನಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ. ಐವತ್ತೊಂಬತ್ತಕ್ಕೆ ಹೊಸ ಪಾತ್ರ ಯಾರು ಕೊಡುತ್ತಾರೆ? ಧಾರಾವಾಹಿ ನಿಂತರೆ ನಾನು ಮತ್ತೆ ಬರೀ ವಿಶಾಲಾಕ್ಷಿ. ರಾತ್ರಿ ಏಳೂವರೆಗೆ ಬರುತ್ತಿದ್ದುದನ್ನು, ಈಚೆಗೆ ನೋಡುವವರು ಕಡಿಮೆಯಾದರೆಂದು, ಚಾನೆಲ್ಲಿನವರು ಸಂಜೆ ಐದೂವರೆಗೆ ತಳ್ಳಿದ ದಿನದಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ.

"ಸಾಬಣ್ಣ, ಇದನ್ಯಾಕ ತಂದಿ?" ಅಂತ ಮುಂದಿನ ಸೀಟಿನಲ್ಲಿದ್ದ ಪ್ರೊಡಕ್ಷನ್ ಸಾಬಣ್ಣನನ್ನು ಕೇಳಿದೆ. ಸೆಟ್ಟಿಗೆ ಸೂಜಿಯಿಂದ ಸೋಫಾದವರೆಗೆ ತರುವವನು ಅವನೇ.

"ಡೈರೆಕ್ಟರ್ ಸಾಹೇಬ್ರು ತಾ ಅಂದ್ರು, ತಂದೆ. ನನ್ನ ಏನೂ ಕೇಳಬ್ಯಾಡ್ರಿ ಅಕ್ಕಾರ," ಅಂದವನು ತಿರುಗಿ ಕೂಡ ನೋಡಲಿಲ್ಲ.

ಕಿಟಕಿಯ ಹತ್ತಿರ ಗೊಲ್ಲಾಳಪ್ಪಣ್ಣ ಕೂತಿದ್ದರು. ಪರದೆಯ ಮೇಲೆ ನನ್ನ ಗಂಡ, ಹೊರಗೆ ನಾನು ಅಣ್ಣಾ ಅನ್ನುತ್ತೇನೆ. ಸುರಪುರದವರು, ಅರವತ್ತೇಳು ವಯಸ್ಸು. ಯಾವುದೋ ಕಾಗದ ಹಿಡಿದು ತುಟಿ ಅಲ್ಲಾಡಿಸುತ್ತಿದ್ದವರು ನನ್ನನ್ನು ಕಂಡು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವಚನ ಓದುತ್ತಿರಬೇಕು ಅಂದುಕೊಂಡೆ.

"ಅಣ್ಣಾ, ಕುಂಬಳಕಾಯಿ ನೋಡಿದ್ರೇನು? ನಮ್ಮ ಕಥಿ ಮುಗೀತು."

"ಹಂಗಂತೀಯಾ," ಅಂದರು, ಅಷ್ಟೇ. ಮುದುಕನಿಗೆ ಕೊನೆಗೂ ಮರೆವು ಪೂರ್ತಿ ಹಿಡಿಯಿತು ಅಂತ ನನಗೆ ಸಿಟ್ಟು ಬಂತು.

ಅವರ ಮರೆವಿನ ಕಥೆಯನ್ನೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ಅವರಿಗೆ ಮಾತು ನೆನಪಿರುವುದಿಲ್ಲ. ಅರ್ಧಕ್ಕೆ ನಿಂತು ನನ್ನ ಮುಖ ನೋಡುತ್ತಾರೆ. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಮುಂದಿನ ಮೊದಲ ಶಬ್ದ ಉಸುರುತ್ತೇನೆ, ಗಾಡಿ ಮತ್ತೆ ಓಡುತ್ತದೆ. ನೋಡುವವರು ಅದು ಶಾಂತವ್ವನ ಸ್ಟೈಲ್ ಅಂದುಕೊಂಡಿದ್ದಾರೆ. ಊರ ಕಡೆ ಹುಡುಗಿಯರು ಹಾಗೇ ಸೆರಗು ಹಿಡಿದು ರೀಲ್ಸ್ ಮಾಡುತ್ತಾರಂತೆ. ಪ್ರತಿ ಶಾಟ್ ಆದ ಮೇಲೂ ಅಣ್ಣ, "ಎಲ್ಲೂ ತಪ್ಪಲಿಲ್ಲ, ಹೌದಿಲ್ಲೋ ತಂಗಿ?" ಅಂತ ಕೇಳುತ್ತಾರೆ. ನಾನೂ ಬಿಡುವವಳಲ್ಲ, ಒಂದು ತಪ್ಪು ಹುಡುಕಿ ಹೇಳಿಯೇ ಹೇಳುತ್ತೇನೆ.

ಸ್ಟುಡಿಯೋದಲ್ಲಿ ಇಳಿದವಳು ಮೇಕಪ್ಪಿಗೆ ಹೋಗದೆ ನೇರ ಸೆಟ್ಟಿಗೆ ನಡೆದೆ. ಶಾಂತವ್ವನ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಪಕ್ಕದಲ್ಲಿ ಸುಗಂಧರಾಜದ ದಪ್ಪ ಹಾರ. ಗೋಡೆಗೆ ಒರಗಿಸಿ ಪೇಪರಿನಲ್ಲಿ ಸುತ್ತಿದ ಫೋಟೋ ಫ್ರೇಮು.

ಆಗ ಗೊತ್ತಾಯಿತು. ಕುಂಬಳಕಾಯಿ ಧಾರಾವಾಹಿಗಲ್ಲ, ಸಾಯುವ ಪಾತ್ರಕ್ಕೆ. ಧಾರಾವಾಹಿ ನಿಲ್ಲುವುದಿಲ್ಲ. ಒಂದು ಗಳಿಗೆ ನನಗೆ ಎಂಥ ಸಮಾಧಾನವಾಯಿತೆಂದರೆ ಅಲ್ಲೇ ನಳದ ಕಟ್ಟೆಯ ಮೇಲೆ ಕೂತೆ. ಮರುಗಳಿಗೆ ಎದ್ದು ನಿಂತೆ. ಯಾಕೆಂದರೆ ಈ ಉಪಾಯ ಹೇಳಿಕೊಟ್ಟವಳು ನಾನೇ.

ಮೂರು ವಾರದ ಹಿಂದಿನ ಮಾತು. ನಮ್ಮ ಡೈರೆಕ್ಟರ್ ಸತೀಶ, ಮೈಸೂರಿನ ಹುಡುಗ, ತಲೆ ಮೇಲೆ ಕೈ ಹೊತ್ತು ಕೂತಿದ್ದ. ನೋಡುವವರು ಹೆಚ್ಚದಿದ್ದರೆ ನಿಲ್ಲಿಸುತ್ತೇವೆಂದು ಚಾನೆಲ್ಲಿನವರು ಒಂದು ತಿಂಗಳ ಗಡುವು ಕೊಟ್ಟಿದ್ದರು. ಅವತ್ತು ಗೊಲ್ಲಾಳಪ್ಪಣ್ಣ ಒಂದೇ ಮಾತಿಗೆ ಐದು ಟೇಕ್ ತಿಂದಿದ್ದರು, ನನ್ನ ಪಿತ್ತ ನೆತ್ತಿಗೇರಿತ್ತು. "ಯಾರನ್ನರ ಸಾಯಿಸ್ರಿ ಸತೀಶಪ್ಪ, ಅತ್ತರ ಮಂದಿ ನೋಡತಾರ," ಅಂದೆ. ಯಾರನ್ನ ಮೇಡಂ ಅಂತ ಅವನು ಕೇಳಿದ. "ನನ್ನ ಗಂಡನ್ನ. ಫೋಟೋ ಆದ ಮ್ಯಾಲೆ ಮಾತು ಮರಿಯೂ ತ್ರಾಸ ಇರೂದಿಲ್ಲ," ಅಂದೆ. ಅವನು ನಗಲಿಲ್ಲ.

ಸಿಟ್ಟಿನಲ್ಲಿ ಅಂದ ಮಾತು ಅಂತ ಈಗ ಹೇಳಬಹುದು. ಸುಳ್ಳು ಯಾಕೆ, ಅರ್ಧ ಮನಸ್ಸಿಟ್ಟೇ ಅಂದಿದ್ದೆ. ಧಾರಾವಾಹಿ ಉಳಿಯಲಿ, ಅಣ್ಣ ಹೋದರೆ ಹೋಗಲಿ ಅಂತ ಆ ಹೊತ್ತಿಗೆ ನನಗೆ ಅನ್ನಿಸಿತ್ತು. ಈಗ ಹಾರ ಕಣ್ಣೆದುರು ಕಂಡಾಗ ಸತೀಶನನ್ನು ಹುಡುಕಿ ಹೊರಟೆ.

ಸತೀಶ ಕ್ಯಾಮೆರಾದ ಹತ್ತಿರ ನಿಂತಿದ್ದ. "ಸತೀಶಪ್ಪ, ನಾ ಅವತ್ತ ಏನರ ಬಾಯಿಗೆ ಬಂದಂಗ ಅಂದೀನಿ, ಅದನ್ನ ಬಿಟ್ಟಬಿಡ್ರಿ. ಅವರಿಗೆ ನಾ ಹೇಳಿಕೊಡ್ತೀನಿ, ಒಂದ ಟೇಕಿನಾಗ ಮಾಡಸ್ತೀನಿ. ಅಣ್ಣನ್ನ ತಗೀಬ್ಯಾಡ್ರಿ," ಅಂದೆ.

"ಮೇಡಂ, ಸ್ವಲ್ಪ ಕೂತ್ಕೊಳ್ಳಿ," ಅಂದ. ಮೈಸೂರಿನವರು ಕೂತ್ಕೊಳ್ಳಿ ಅಂದರೆ ಏನೋ ಕೆಟ್ಟದ್ದೇ ಇರುತ್ತದೆ. ನಾನು ಕೂಡಲಿಲ್ಲ. ಹೋಗಿ ಫ್ರೇಮಿನ ಪೇಪರು ಹರಿದೆ.

ಒಳಗೆ ನಾನಿದ್ದೆ.

ಹಸಿರು ಇಳಕಲ್ ಸೀರೆ, ಮೂಗುತಿ, ಬಾಯಿ ತುಂಬ ನಗು. ಮೂರನೇ ವರ್ಷದ ಗಣೇಶ ಹಬ್ಬದ ಕಂತಿನಲ್ಲಿ ತೆಗೆದದ್ದು. ಕೆಳಗೆ ಶಾಂತವ್ವ ಅಂತ ಬರೆದು ಇವತ್ತಿನ ತಾರೀಖು ಹಾಕಿದ್ದರು. ನಾನು ಅದನ್ನು ಎರಡು ಸಲ ಓದಿದೆ.

"ಚಾನೆಲ್‌ನವರು ಜನರನ್ನ ಕೇಳಿದ್ರು ಮೇಡಂ," ಸತೀಶ ನೆಲ ನೋಡಿಕೊಂಡು ಹೇಳಿದ. "ಯಾರು ಹೋದ್ರೆ ಅಳ್ತೀರಿ ಅಂತ. ನೂರಕ್ಕೆ ತೊಂಬತ್ತು ಜನ ಶಾಂತವ್ವ ಅಂದ್ರು. ಇನ್ಮೇಲೆ ನಳ ಸೊಸೆ ಕೈಗೆ. ಇನ್ನೂರು ಎಪಿಸೋಡ್ ಒಪ್ಪಿದಾರೆ. ನಲವತ್ತು ಜನರ ಕೆಲಸ ಉಳೀತು. ಮೊದಲೇ ಹೇಳಿದ್ರೆ ನೀವು ಬರ್ತಿರ್ಲಿಲ್ಲ, ಅದಕ್ಕೇ..."

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಏನಂತ ಬೈಯಲಿ? ಸಾಯಿಸಿರಿ ಅಂದವಳು ನಾನು, ಅತ್ತರೆ ನೋಡುತ್ತಾರೆ ಅಂದವಳೂ ನಾನು. ಮೇಕಪ್ ರೂಮಿಗೆ ಹೋಗಿ ಕೂತೆ. ಹಣೆಗೆ ವಿಭೂತಿ ಬಳಿದರು. ಸೀನಿನ ಕಾಗದ ಕೈಗೆ ಬಂತು, ನಮ್ಮಲ್ಲಿ ಅದು ಬರುವುದೇ ಬಣ್ಣ ಹಚ್ಚುವಾಗ. ಹೆಣಕ್ಕೆ ಮಾತಿಲ್ಲ. ಗಂಡನಿಗೆ ಒಂದೂವರೆ ಪುಟ, ಎಲ್ಲೂ ಕಟ್ ಇಲ್ಲ, ಒಂದೇ ಶಾಟ್. ಕನ್ನಡಿಯೆದುರು ಕೂತು ಅಭ್ಯಾಸಬಲದಿಂದ ಅವರ ಪ್ರತಿ ಮಾತಿನ ಮೊದಲ ಶಬ್ದವನ್ನು ಬಾಯಿಪಾಠ ಮಾಡಿಕೊಂಡೆ.

ಸೆಟ್ಟಿಗೆ ಬಂದರೆ ಚಾಪೆಯ ಮೇಲೆ ಮಲಗಿರಿ ಅಂದರು. "ಶಾಂತವ್ವ ಲಿಂಗಾಯತರಾಕಿ. ನಮ್ಮಲ್ಲಿ ಹೆಣ ಮಲಗಸೂದಿಲ್ಲ, ಕೂಡಸತಾರ," ಅಂದೆ. ನನ್ನ ಸಾವನ್ನೂ ನಾನೇ ತಿದ್ದಬೇಕಾಯಿತು. ಗೋಡೆಗೆ ಬೆನ್ನು ಕೊಟ್ಟು ಕೂತೆ, ತಲೆಗೆ ಬಟ್ಟೆ ಕಟ್ಟಿ ಹಿಂದಿನ ಮೊಳೆಗೆ ಬಿಗಿದರು. ಹಾರ ಬಿತ್ತು. ಕಣ್ಣು ಮುಚ್ಚಿದೆ. ಸೆರಗು ನನ್ನ ಕೈಯಲ್ಲಿರಲಿಲ್ಲ.

ಆಗ ಹೊಳೆಯಿತು, ಅಣ್ಣ ಮರೆತರೆ ಏನು ಮಾಡಲಿ? ಕ್ಯಾಮೆರಾ ನೇರ ನನ್ನ ಮುಖಕ್ಕೆ. ತುಟಿ ಅಲ್ಲಾಡಿಸಿದರೆ ಶಾಟ್ ಹಾಳು. ಅಲ್ಲಾಡಿಸದಿದ್ದರೆ ಅವರು ಎಲ್ಲರೆದುರು ನಿಂತುಬಿಡುತ್ತಾರೆ, ಮುಂದಿನ ತಿಂಗಳು ಫ್ರೇಮಿನಲ್ಲಿ ಅವರಿರುತ್ತಾರೆ. ಹಾಳಾದರೆ ಹಾಳಾಗಲಿ, ಹೇಳಿಕೊಟ್ಟೇ ಕೊಡುತ್ತೇನೆ ಅಂತ ಗಟ್ಟಿ ಮಾಡಿಕೊಂಡೆ.

ಆ್ಯಕ್ಷನ್ ಅಂದರು. ಅಣ್ಣ ಬಂದು ಎದುರಿಗೆ ಕೂತ ಸಪ್ಪಳ ಕೇಳಿತು.

"ಶಾಂತಾ, ನೀರು ಬಂದಾವು, ಏಳು," ಅಂತ ಶುರು ಮಾಡಿದರು. ಕಾಗದದಲ್ಲಿ ಇದ್ದ ಹಾಗೇ. "ದಿನಾ ನೀ ನನ್ನ ಎಬ್ಬಸ್ತಿದ್ದಿ. ನಾ ಎಚ್ಚರ ಇದ್ರೂ ಮುಸುಕು ತಗೀತಿದ್ದಿಲ್ಲ. ನೀ ಇನ್ನೊಮ್ಮಿ ಕರೀಲಿ ಅಂತ ಮಲಗಿರ್ತಿದ್ದೆ..."

ನಾನು ಮುಂದಿನ ಶಬ್ದ ಗಂಟಲಲ್ಲಿ ಹಿಡಿದು ಕಾಯುತ್ತಿದ್ದೆ. ಅವರು ನಿಲ್ಲಲಿಲ್ಲ. ಮೊದಲ ಪ್ಯಾರಾ ಮುಗಿಯಿತು, ಎರಡನೆಯದು ಮುಗಿಯಿತು. ಒಂದು ಕಡೆ ಉಸಿರು ತೆಗೆದುಕೊಂಡರು. ಈಗ ಮರೆತರು ಅಂತ ನನ್ನ ತುಟಿ ಇನ್ನೇನು ಬಿಡಬೇಕು, ಅಷ್ಟರಲ್ಲಿ ಮತ್ತೆ ಹಿಡಿದರು. ಒಂದೂವರೆ ಪುಟ, ಒಂದು ಅಕ್ಷರ ಆಚೀಚೆ ಇಲ್ಲ. ಇವರು ನಾನು ಕಂಡ ಗೊಲ್ಲಾಳಪ್ಪಣ್ಣನೇ ಹೌದೋ ಅಲ್ಲವೋ ಅಂತ ಕಣ್ಣು ತೆರೆದು ನೋಡಬೇಕೆನ್ನಿಸಿತು. ಹೆಣ ನೋಡುವ ಹಾಗಿರಲಿಲ್ಲ.

ಕಟ್ ಆಯಿತು. ಸೆಟ್ಟಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಸಾಬಣ್ಣ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ನನಗೆ ಮೂರು ಸುತ್ತು ನಿವಾಳಿಸಿ ಬಾಗಿಲಾಚೆ ಒಡೆದ. ತಲೆಯ ಕಟ್ಟು ಬಿಚ್ಚಿದರು. ಗೊಲ್ಲಾಳಪ್ಪಣ್ಣ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತರು.

"ಎಲ್ಲೂ ತಪ್ಪಲಿಲ್ಲ, ಹೌದಿಲ್ಲೋ ತಂಗಿ?"

"ಇಲ್ಲ," ಅಂದೆ. "ಯಾವಾಗ ಕಲತ್ರಿ?"

"ಹತ್ತ ದಿನ ಆತು. ನಂಗ ಮರೀತೈತಂತ ಸತೀಶ ಮೊದಲ ಕೊಟ್ಟಿದ್ದ. ಆಣಿ ಹಾಕಿಸಿದ್ದ, ನಿಂಗ ಹೇಳಬಾರದಂತ." ಜೇಬಿನಿಂದ ಕಾಗದ ತೆಗೆದು ತೋರಿಸಿದರು. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿತ್ತು. "ನಾ ನಿಂತಿದ್ರ ನೀ ಬಾಯಿ ತಗೀತಿದ್ದಿ, ಅದು ನಂಗ ಗೊತ್ತು. ಬಾಯಿ ತಗದ್ರ ಮತ್ತ ಮೊದಲಿಂದ. ನಿನ್ನ ಎರಡ ಸಲ ಹೆಣ ಮಾಡಿ ಕೂಡಸೂದು ನನ್ನ ಕೈಲೆ ಆಗೂದಿಲ್ಲ ತಂಗಿ."

ಮೂರು ವಾರದ ಹಿಂದೆ, ನನ್ನ ಗಂಡನನ್ನು ಸಾಯಿಸಿರಿ ಅಂತ ನಾನು ಸತೀಶನಿಗೆ ಹೇಳಿದ್ದು ನಾಲಿಗೆಯ ತುದಿಗೆ ಬಂತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಮಾತು ಮರೆತಾಗ ನೋಡುವ ಹಾಗೆ. ನಾನು ಅದನ್ನು ನುಂಗಿ, ಸೆರಗು ಎಳೆದು ಬಾಯಿಗೆ ಅಡ್ಡ ಹಿಡಿದೆ. ಹೇಳಿಕೊಡಲಿಕ್ಕೆ ಅದರ ಹಿಂದೆ ಒಂದು ಶಬ್ದವೂ ಇರಲಿಲ್ಲ.