ಸಕ್ಕರೆಗೆ ಹದಿಮೂರು ವರ್ಷ

ಬೆಳಿಗ್ಗೆ ಏಳಕ್ಕೇ ಚರ್ಚಿನ ಸಭಾಂಗಣಕ್ಕೆ ಬಂದು ಮೊದಲ ಬೆಂಚಿನಲ್ಲಿ ಕೂತಿದ್ದ ಫತಾಯ್, ಹನ್ನೊಂದಾಗುವಷ್ಟರಲ್ಲಿ ಬಾಗಿಲ ಪಕ್ಕದ ಕೊನೆಯ ಬೆಂಚು ಸೇರಿದ್ದಳು. ಅವಳನ್ನು ಯಾರೂ ಎಬ್ಬಿಸಿರಲಿಲ್ಲ. ಅಲ್ಲಿನ ಮರ್ಯಾದೆಯ ಉಡುಪಿನಂತೆ ನಡುವಿಗೆ ಚಾಪೆ ಸುತ್ತಿಕೊಂಡ ಮುದುಕರೊಬ್ಬರು ಒಳಗೆ ಬರುವುದು, ಇವಳು ತಲೆ ತಗ್ಗಿಸಿ ಎದ್ದು ಹಿಂದೆ ಸರಿಯುವುದು, ಇಷ್ಟೇ ನಡೆದದ್ದು. ಟೊಂಗಾದ ಆ ಪುಟ್ಟ ದ್ವೀಪದಲ್ಲಿ ಒಳ್ಳೆಯ ಮನೆತನದ ಹುಡುಗಿಯರು ಮಾಡುವುದೇ ಹಾಗೆ. ಮಧ್ಯಾಹ್ನದ ಹೊತ್ತಿಗೆ ಅವಳನ್ನು ನೋಡಲು ಬಂದ ಸೋದರತ್ತೆ ಲೆಸಿಯೆಲಿಗೆ ಮಾತ್ರ ಪಿತ್ತ ನೆತ್ತಿಗೇರಿತು.

ಕಣ್ಣಿನ ಡಾಕ್ಟರರ ತಂಡ ಅಲ್ಲಿಗೆ ಬರುವುದು ವರ್ಷಕ್ಕೊಮ್ಮೆ, ಅದೂ ಒಂದೇ ದಿನ. ನಾಲ್ಕು ಗಂಟೆಯ ವಿಮಾನಕ್ಕೆ ಅವರು ಗಂಟುಮೂಟೆ ಕಟ್ಟಿಬಿಡುತ್ತಾರೆ. ಫತಾಯ್‌ಳ ಬಲಗಣ್ಣಿನ ಮುಂದೆ ಈಸ್ಟರ್ ಕಳೆದಾಗಿನಿಂದ ಕಪ್ಪು ಮಬ್ಬು ಕವಿದಿತ್ತು. ಕೇದಗೆ ಗರಿಯ ಚಾಪೆ ಹೆಣೆಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವಳು ಈಗ ಗರಿಯನ್ನು ಮೂಗಿಗೆ ತಾಗಿಸಿಕೊಂಡರೂ ಹೆಣಿಗೆ ತಪ್ಪುತ್ತಿದ್ದಳು. ಇವತ್ತು ತಪ್ಪಿದರೆ ಇನ್ನೊಂದು ವರ್ಷ. ಅಲ್ಲಿಯವರೆಗೆ ಕಣ್ಣು ಉಳಿದಿರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ?

ಲೆಸಿಯೆಲಿ ನೇರ ನರ್ಸ್ ವಿಕಾಳ ಮೇಜಿಗೆ ಹೋದಳು. ಪಟ್ಟಿ ವಯಸ್ಸಿನ ಪ್ರಕಾರ ಇತ್ತು. ಎಂಬತ್ತೊಂದು, ಎಪ್ಪತ್ತೆಂಟು, ಎಪ್ಪತ್ತನಾಲ್ಕು, ಹೀಗೆ ಇಳಿಯುತ್ತ ಬಂದು ತಳದಲ್ಲಿ ಫತಾಯ್, ಇಪ್ಪತ್ತೊಂಬತ್ತು. ಹಿರಿಯರದು ಮುಗಿಯಲಿ, ಅವಳಿನ್ನೂ ಚಿಕ್ಕವಳು, ಅವಳಿಗೇನು ಅವಸರ ಎಂದು ವಿಕಾ ನಯವಾಗಿಯೇ ಹೇಳಿದಳು.

ಇದೇ ನಯದ ಮಾತನ್ನು ಲೆಸಿಯೆಲಿ ಹದಿಮೂರು ವರ್ಷದ ಹಿಂದೆಯೂ ಕೇಳಿದ್ದಳು. ಹದಿನಾರರ ಫತಾಯ್‌ಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ಚಿಕ್ಕ ವಯಸ್ಸು, ಏನೂ ಆಗುವುದಿಲ್ಲ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಕಣ್ಣು, ಕಿಡ್ನಿ, ಪಾದ ಪರೀಕ್ಷಿಸಲು ತುಂಬುವ ಫಾರಂ ಶುರುವಾಗುತ್ತಿದ್ದದ್ದೇ ನಲವತ್ತು ವರ್ಷದವರಿಂದ. ಕಾಯಿಲೆ ಏನು ಜನನಪತ್ರ ನೋಡಿಕೊಂಡು ಮೈ ತಿನ್ನುತ್ತದೆಯೇ? ಬೇಗ ಬಂದದ್ದು ಬೇಗ ತಿನ್ನಲು ಕೂರುತ್ತದೆ ಎನ್ನುವಷ್ಟು ಲೆಕ್ಕ ಓದಿದವರಿಗೆ ಬೇಡವೇ?

ಮುಂದಿನ ಬೆಂಚಿನಲ್ಲಿ ಎಪ್ಪತ್ತನಾಲ್ಕರ ಸೆಮಿಸಿ ಊರುಗೋಲಿನ ಮೇಲೆ ಗದ್ದ ಇಟ್ಟುಕೊಂಡು ಕೂತಿದ್ದ. ಲೆಸಿಯೆಲಿ ಅವನತ್ತ ತಿರುಗಿದಳು.

"ಸೆಮಿಸಿ ಅಣ್ಣ, ನಿಮ್ಗೆ ಸಕ್ಕರೆ ಬಂದು ಎಷ್ಟು ದಿನ ಆಯ್ತು?"

"ಹೋದ ಕ್ರಿಸ್ಮಸ್‌ಗೆ ಗೊತ್ತಾಯ್ತು ತಂಗಿ. ಹಂದಿ ಊಟ ಬಿಡಿಸ್ಬಿಟ್ರು."

"ಇವ್ಳಿಗೆ ಹದಿಮೂರು ವರ್ಷ ಆಯ್ತು. ಈ ವಿಷಯದಲ್ಲಿ ನಿಮ್ಮೆಲ್ರಿಗಿಂತ ಇವ್ಳೇ ಹಿರಿಯೋಳು. ಇವ್ಳಿಗೆ ಅರವತ್ತಾಗೋ ಹೊತ್ಗೆ ಅದು ನಲವತ್ನಾಲ್ಕು ವರ್ಷ ಮೈಯೊಳ್ಗೆ ಕೂತಿರುತ್ತೆ. ನಿಮ್ಮನ್ನ ಅಷ್ಟು ತಿನ್ನೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ."

ಸೆಮಿಸಿ ನಕ್ಕು, ಊರುಗೋಲು ಹುಡುಕಿ ಎದ್ದು ಜಾಗ ಬಿಟ್ಟ. ಫತಾಯ್ ಮಾತ್ರ ಏಳಲೊಲ್ಲಳು. ನಾಚಿಕೆಯಾಗುತ್ತದೆ, ಅವರೆಲ್ಲ ಮೊದಲು ಹೋಗಲಿ ಎಂದು ಗೊಣಗಿದಳು. ಆ ಜನರಲ್ಲಿ ಸೋದರತ್ತೆಯ ಮಾತಿಗೆ ಹುಡುಗಿಯ ಅಪ್ಪನೂ ಎದುರಾಡುವಂತಿಲ್ಲ. ಆ ಅಧಿಕಾರವನ್ನು ಲೆಸಿಯೆಲಿ ಮದುವೆ, ಸಾವುಗಳಲ್ಲಿ ಉಡುಗೊರೆಯಾಗಿ ಬಂದ ಒಳ್ಳೆಯ ಚಾಪೆ ತನ್ನ ಪಾಲಿಗೆ ಎತ್ತಿಕೊಳ್ಳಲು ಬಿಟ್ಟರೆ ಇನ್ಯಾವುದಕ್ಕೂ ಬಳಸಿರಲಿಲ್ಲ.

"ನಿನ್ನ ಅತ್ತೆ ಹೇಳ್ತಿದೀನಿ. ಏಳು."

ಫತಾಯ್ ಎದ್ದಳು.

ಡಾಕ್ಟರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಲಗಣ್ಣಿನೊಳಗಿನ ರೆಟಿನಾ ಪರದೆ ಕಿತ್ತು ಬಂದಿದೆ, ಅದರ ಆಸೆ ಬಿಡಬೇಕು, ಎಡಗಣ್ಣಿಗೆ ಈಗಲೇ ಲೇಸರ್ ಹಾಯಿಸಿದರೆ ಉಳಿಯುತ್ತದೆ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಹೋದ ವರ್ಷ ಬಂದಿದ್ರೆ ಎರಡೂ ಉಳೀತಿತ್ತಮ್ಮ. ಯಾಕೆ ಬರ್ಲಿಲ್ಲ?"

"ಚಾಪೆ ಮುಗಿಸ್ಬೇಕಿತ್ತು ಡಾಕ್ಟ್ರೇ," ಎಂದಳು ಫತಾಯ್, ತಲೆ ಎತ್ತದೆ.

ಆಗ ಲೆಸಿಯೆಲಿಗೆ ನೆನಪಾಯಿತು. ಹೋದ ವರ್ಷ ಹುಡುಗಿ ಬಂದಿದ್ದಳು. ಇದೇ ಸಭಾಂಗಣದಲ್ಲಿ ದಿನವಿಡೀ ಕಾದಿದ್ದಳು. ಮೂರು ಗಂಟೆಗೆ ಒಬ್ಬರಿಗಷ್ಟೇ ಸಮಯ ಉಳಿದಿದ್ದಾಗ ಲೆಸಿಯೆಲಿ ಬಂದಳು. ಲೆಸಿಯೆಲಿಗೆ ಸಕ್ಕರೆಯೂ ಇಲ್ಲ, ನೋವೂ ಇಲ್ಲ. ಪ್ರಾರ್ಥನೆಯ ಪುಸ್ತಕ ಓದಲು ಒಂದು ಕನ್ನಡಕ ಬೇಕಿತ್ತು, ಅಷ್ಟೇ. ಫತಾಯ್ ಎದ್ದು ಜಾಗ ಕೊಟ್ಟಳು. ಎಷ್ಟು ಒಳ್ಳೆಯ ಹುಡುಗಿ ಎಂದು ಅವಳ ಕೆನ್ನೆ ತಟ್ಟಿ ಲೆಸಿಯೆಲಿ ತಾನೇ ಒಳಗೆ ಹೋಗಿದ್ದಳು. ಅರವತ್ತಾರಕ್ಕೂ ಹುಡುಗಿಯಂಥ ಕಣ್ಣು ಎಂದು ಹೊಗಳಿಸಿಕೊಂಡು, ಅದನ್ನು ವಾರವಿಡೀ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಮಧ್ಯಾಹ್ನದಿಂದ ವಿಕಾಳ ಮೇಲೆ, ಮುದುಕರ ಮೇಲೆ, ಫಾರಮ್ಮಿನ ಮೇಲೆ ಉರಿಯುತ್ತಿದ್ದ ಸಿಟ್ಟೆಲ್ಲ ತನ್ನ ಕಡೆಗೇ ತಿರುಗಿತು.

"ಸುಳ್ಳು ಹೇಳ್ತಿದಾಳೆ ಡಾಕ್ಟ್ರೇ," ಎಂದಳು. "ಬಂದಿದ್ಲು. ಅವ್ಳ ಜಾಗ ನಾನು ತಗೊಂಡೆ."

ಡಾಕ್ಟರು ಯಂತ್ರವನ್ನು ಎಡಗಣ್ಣಿನ ಮಟ್ಟಕ್ಕೆ ತಂದರು.

"ಬಿಡಿ ಅತ್ತೆ," ಎಂದಳು ಫತಾಯ್ ಮೆಲ್ಲಗೆ. "ನೀವು ದೊಡ್ಡೋರು."

"ಇನ್ನೊಂದ್ಸಲ ಆ ಮಾತು ಆಡ್ಬೇಡ," ಎಂದಳು ಲೆಸಿಯೆಲಿ.