ತುರುಬಿನಲ್ಲಿ ಬಂದ ಹಾಡುಗಳು

ಗಂಡ ಇಪ್ಪತ್ತು ವರ್ಷ ಕಾದಿದ್ದ ಹಳೇ ರಾಕ್ ತಂಡ ಊರಿನ ಸ್ಟೇಡಿಯಂಗೆ ಬರುವ ಹೊತ್ತಿಗೆ ಅವನ ಕಾಲಿಗೆ ಪ್ಲಾಸ್ಟರ್ ಬಿದ್ದಿತ್ತು. ಟಿಕೆಟ್ ಹಿಡಿದು ಹೋದದ್ದು ಹೆಂಡತಿ. ಅವನಿಗೂ ಕೇಳಿಸಲೆಂದು ಪುಟ್ಟ ರೆಕಾರ್ಡರನ್ನು ತುರುಬಿನೊಳಗೆ ಪಿನ್ನು ಚುಚ್ಚಿ ಬಚ್ಚಿಟ್ಟು, ಎರಡು ಗಂಟೆ ಕತ್ತು ಅಲ್ಲಾಡಿಸದೆ ಗೊಂಬೆಯಂತೆ ಕೂತಳು. ಕೊನೆಗೆ ಅವನ ಮೆಚ್ಚಿನ ಹಾಡು ಬಂತು. ಅಷ್ಟೇ, ಕಾಲು ಅವಳ ಮಾತು ಕೇಳಲಿಲ್ಲ, ಎದ್ದು ಕುಣಿದೇಬಿಟ್ಟಳು.

ಮರುದಿನ ಬೆಳಿಗ್ಗೆ ಮಂಚದ ಪಕ್ಕ ಕೂತು ಕೇಳಿಸಿದಳು. ಎಲ್ಲ ಹಾಡೂ ಸೊಗಸಾಗಿ ಬಂದಿದ್ದವು. ಕೊನೆಯದರಲ್ಲಿ ಮಾತ್ರ ಬರೀ ಪಿನ್ನುಗಳ ಕಟಕಟ, ಅವಳದೇ ಕೇಕೆ.

"ನಿಮ್ಮ ಹಾಡನ್ನೇ ಕೆಡಿಸ್ಬಿಟ್ಟೆ ಕಣ್ರೀ," ಎಂದು ಮುಖ ಸಣ್ಣದು ಮಾಡಿಕೊಂಡಳು.

"ನಮ್ಮ ಮದುವೇಲೂ ಕುಣಿಯದೋಳು ನೀನು! ಸುಮ್ನಿರೇ, ಅದನ್ನೇ ಇನ್ನೊಂದ್ಸಲ ಹಾಕು," ಎನ್ನುತ್ತಾ ಗಂಡ ಪ್ಲಾಸ್ಟರ್ ಮೇಲೆ ತಾಳ ಬಡಿಯತೊಡಗಿದ.