ಹರಿಹರ ಲೈನು

ಕೊಕ್ಕನೂರಿನವರು ತಂದು ಹಾಕಿದ ಚೆಂಡುಹೂವಿನ ಹಾರವನ್ನು ಮೈಲಮ್ಮ ಗಂಡನ ಎದೆಯ ಮೇಲಿನಿಂದ ಎಳೆದು ಅಂಗಳಕ್ಕೆ ಒಗೆದಳು. ಹಾರ ಹೋಗಿ ಹಲಗೆ ಬಾರಿಸುವವರ ಮುಂದೆ ಬಿತ್ತು. ಅವರು ಕೈ ನಿಲ್ಲಿಸಿದರು. ಅಳುತ್ತಿದ್ದ ಹೆಂಗಸರೂ ಅಳು ನಿಲ್ಲಿಸಿ, ಇವಳಿಗೆ ಇದೇನು ಬಂತು ಎಂದು ನೋಡಿದರು.

ಅಕ್ಕ ಕೆಂಚಕ್ಕ ಬಂದು ರಟ್ಟೆ ಹಿಡಿದಳು. ಸತ್ತವನ ಮೈಮೇಲಿನ ಹೂವು ಕೀಳಬಾರದು, ದೂರದಿಂದ ಬಂದವರು ಏನಂದುಕೊಂಡಾರು ಎಂದು ಪಿಸುಗುಟ್ಟಿದಳು. ದೂರದಿಂದ ಬಂದವರು ಏನಂದುಕೊಳ್ಳುತ್ತಾರೆ ಎಂಬ ಚಿಂತೆ ಮೈಲಮ್ಮನಿಗೆ ಆ ಹೊತ್ತಿನಲ್ಲಿ ಎಳ್ಳಷ್ಟೂ ಇರಲಿಲ್ಲ. ಅದು ಬಸ್ಸಿನ ಹಾರ ಎಂದು ಅವಳಿಗೆ ಗೊತ್ತಿತ್ತು. ಆ ದಿನ ಮಹಾನವಮಿ, ಆಯುಧಪೂಜೆ. ಓಣಿಯ ಬಾಯಲ್ಲಿ ಕೊಕ್ಕನೂರಿನ ಬಸ್ಸು ಬಾಳೆಕಂಬ ಕಟ್ಟಿಕೊಂಡು ಮದುಮಗನ ಹಾಗೆ ನಿಂತಿತ್ತು. ಅದರ ಮೂತಿಗೆ ಕಟ್ಟಿದ್ದ ಹಾರವನ್ನೇ ಬಿಚ್ಚಿ ಅವರು ಡ್ರೈವರ್ ಸೂರಪ್ಪನಿಗೆ ಹಾಕಿದ್ದರು. ಬದುಕಿರುವಷ್ಟು ದಿನ ಆ ಬಸ್ಸು ಅವನನ್ನು ತಿಂದಿತು, ಸತ್ತ ಮೇಲೂ ಬಿಡಬಾರದೇ?

ಸೂರಪ್ಪ ಹಿಂದಿನ ದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ, ಎದೆ ಒತ್ತಿಕೊಂಡು ಫುಟ್‌ಬೋರ್ಡಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಇನ್ನೂ ಐವತ್ತು ತುಂಬಿರಲಿಲ್ಲ. ಖಾಕಿ ಅಂಗಿಯ ಜೇಬಿನಲ್ಲಿ ಕೊಕ್ಕನೂರಿನ ಯಾರಿಗೋ ಕೊಂಡ ಕಣ್ಣಿನ ಔಷಧ ಇತ್ತು. ಹೆಂಡತಿಗೆಂದು ಏನೂ ಇರಲಿಲ್ಲ.

ಕೊಕ್ಕನೂರಿನ ಹಿರಿಯ ಗೋಣೆಪ್ಪ, ಅಂಗಳದಲ್ಲಿ ಬಿದ್ದ ಹಾರ ಕಂಡೂ ಕಾಣದವನಂತೆ, ಕೂತವರಿಗೆಲ್ಲ ಸತ್ತವನ ಗುಣ ಹೇಳತೊಡಗಿದ. ಒಂಬತ್ತು ವರ್ಷ ತಮ್ಮೂರ ಹನುಮಪ್ಪನ ಕಟ್ಟೆಯ ಮೇಲೆ ಮಲಗಿದ ಪುಣ್ಯಾತ್ಮ. ಪೇಟೆಯಿಂದ ಯಾರಿಗೆ ಏನು ಬೇಕಾದರೂ ತಂದುಕೊಟ್ಟವನು. ಬಸುರಿ ಹೆಂಗಸಿಗಾಗಿ ಬೆಳಗಿನ ಬಸ್ಸನ್ನು ಒಂದು ತಾಸು ಮೊದಲೇ ಬಿಟ್ಟವನು. ಹೇಳಿ ಹೇಳಿ ಕೊನೆಗೆ ಮೈಲಮ್ಮನ ಕಡೆ ತಿರುಗಿದ.

"ನಮ್ಮನಿ ಮಗ ಆಗಿದ್ದ ತಾಯಿ, ನಿನ್ನ ಗಂಡ."

"ನಿಮ್ಮನಿಗೆ ಮಗ ಆಗಿದ್ದ," ಎಂದಳು ಮೈಲಮ್ಮ. "ನನ್ನ ಮನೀಗೆ ನೆಂಟ ಆಗಿದ್ದ. ದಿನಾ ಒಂದು ತಾಸಿನ ನೆಂಟ."

ಗೋಣೆಪ್ಪ ತಲೆ ತಗ್ಗಿಸಿ ರುಮಾಲು ಸರಿಮಾಡಿಕೊಂಡ.

*

ಒಂದು ತಾಸು ಎಂದಿದ್ದು ಬಾಯಿಗೆ ಬಂದಂತೆ ಆಡಿದ ಮಾತಲ್ಲ. ವಸ್ತಿ ಗಾಡಿ ಎಂದರೆ ಸಂಜೆ ಹೋಗಿ, ಹಳ್ಳಿಯಲ್ಲೇ ರಾತ್ರಿ ತಂಗಿ, ಬೆಳಿಗ್ಗೆ ಬರುವ ಬಸ್ಸು. ಒಂಬತ್ತಕ್ಕೆ ದಾವಣಗೆರೆ ಸೇರಿದ ಕೂಡಲೇ ಅದೇ ಗಾಡಿ ಹರಪನಹಳ್ಳಿಗೆ ಹೋಗಿ ಬರಬೇಕು. ನಾಲ್ಕಕ್ಕೆ ಸೂರಪ್ಪ ಹಗೇದಿಬ್ಬದ ಹಿಂದಿನ ಓಣಿಯ ಈ ಮನೆಗೆ ಬರುತ್ತಿದ್ದ. ಕೈಕಾಲು ತೊಳೆದು ಎರಡು ರೊಟ್ಟಿ ಉಣ್ಣುತ್ತಿದ್ದ. ಖಾಕಿ ಬಿಚ್ಚದೆ ಚಾಪೆಯ ಮೇಲೆ ಅರ್ಧ ಗಂಟೆ ಅಡ್ಡಾಗುತ್ತಿದ್ದ. ಐದಕ್ಕೆ ಎದ್ದು ಮತ್ತೆ ಬಸ್ಸು. ವಾರಕ್ಕೊಂದು ರಜೆ, ಆ ರಜೆಯೆಲ್ಲ ನಿದ್ದೆ.

ಮಗಳು ಕಾಟಮ್ಮ ಚಿಕ್ಕವಳಿದ್ದಾಗ ನಿಮ್ಮಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ "ಬಸ್ಸಿನಾಗ ಅದಾನೆ" ಎನ್ನುತ್ತಿದ್ದಳು. ಓಣಿಯವರು ನಗುತ್ತಿದ್ದರು. ಮೈಲಮ್ಮನೂ ನಗುತ್ತಿದ್ದಳು, ಆಗಿನ್ನೂ ಅವಳಿಗೆ ನಗು ಬರುತ್ತಿತ್ತು. ಗಂಡ ಬಸ್ ಕಂಪನಿಗೆ ಹೊಸಬ, ಹೊಸಬರಿಗೆ ವಸ್ತಿ ಲೈನೇ ಗತಿ, ನಾಲ್ಕು ವರ್ಷ ತಡೆದರೆ ಹರಿಹರ ಲೈನು ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದಳು. ಹರಿಹರ ಎಂದರೆ ಒಂಬತ್ತು ಮೈಲಿ, ಕಂಪನಿಯಲ್ಲಿ ರಾತ್ರಿ ವಸ್ತಿ ಇಲ್ಲದ ಲೈನು ಅದೊಂದೇ. ದಿನವೆಲ್ಲ ಹೋಗಿಬಂದು ಮಾಡಿದರೂ ಸಂಜೆ ಆರೂಕಾಲಿಗೆ ಮನೆ. ಗಂಡನ ಜೊತೆ ಕೂತು ಬಿಸಿ ಮುದ್ದೆ ಉಣ್ಣುವುದು, ಅಂಗಳದಲ್ಲಿ ಹಾಸಿಗೆ ಹಾಕಿ ಮಾತಾಡುತ್ತ ಮಲಗುವುದು. ಇಷ್ಟೇ ಅವಳ ಆಸೆ. ಬಂಗಾರ ಕೇಳಿರಲಿಲ್ಲ, ಮಹಡಿ ಮನೆ ಕೇಳಿರಲಿಲ್ಲ.

ನಾಲ್ಕು ವರ್ಷ ಹೋಗಿ ಹತ್ತಾಯಿತು, ಹತ್ತು ಹೋಗಿ ಇಪ್ಪತ್ತಾಯಿತು. ಪ್ರತಿ ದಸರೆಗೂ ಕೇಳುತ್ತಿದ್ದಳು, ಈ ಸಲವಾದರೂ ಲೈನು ಬದಲಾಯಿತೇ ಎಂದು. ಸೂರಪ್ಪ ರೊಟ್ಟಿ ಮುರಿಯುತ್ತ, ಮುಖ ಎತ್ತದೆ, ಕಂಪನಿಯ ಮಾಲೀಕರ ಮೇಲೆ ಹಾಕಿ ಅದೇ ಮಾತು ಹೇಳುತ್ತಿದ್ದ: "ಸಾಹುಕಾರ್ರು ಹಾಕ್ಯಾರೆ. ನಾ ಏನ್ ಮಾಡ್ಲಿ?"

*

ಗಂಟೆ ಹತ್ತಾಗುವ ಹೊತ್ತಿಗೆ ಕಂಪನಿಯ ಡ್ರೈವರುಗಳೆಲ್ಲ ಬಂದರು. ಗ್ಯಾರೇಜಿನಲ್ಲಿ ಗಾಡಿಗಳ ಪೂಜೆ ಮುಗಿಸಿ ಬಂದಿದ್ದರು, ಕೈಯಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು. ಹೆಣಕ್ಕೆ ಕೈ ಮುಗಿದು ಎದುರುಮನೆ ಜಗುಲಿಯ ಮೇಲೆ ಸಾಲಾಗಿ ಕೂತರು. ಅವರ ಹಿಂದೆಯೇ ಕಂಪನಿಯ ಲೆಕ್ಕಪತ್ರ ಬರೆಯುವ ರೈಟರು ಲಿಂಗಣ್ಣ ಬಂದ. ಅವನೂ ಕೈ ಮುಗಿದ, ಅವನೂ ಎರಡು ಹನಿ ಒರೆಸಿಕೊಂಡ. ಆಮೇಲೆ ಹೋಗಿ ಡ್ರೈವರುಗಳ ನಡುವೆ ಕೂತು, ಕಂಕುಳಲ್ಲಿದ್ದ ರಿಜಿಸ್ಟರನ್ನು ಮೊಣಕಾಲ ಮೇಲೆ ಬಿಚ್ಚಿದ.

ಮೈಲಮ್ಮ ಪಡಸಾಲೆಯಲ್ಲಿ ಹೆಣದ ತಲೆಯ ಬಳಿ ಕೂತಿದ್ದಳು. ಜಗುಲಿ ಹತ್ತು ಮಾರು ದೂರ. ಹಲಗೆಯವರು ಬೀಡಿ ಸೇದಲು ನಿಲ್ಲಿಸಿದ್ದರಿಂದ ಮಾತು ಸ್ಪಷ್ಟವಾಗಿ ಕೇಳಿತು.

"ಸೂರಪ್ಪ ಹೋದ ಮ್ಯಾಲೆ ಫಸ್ಟ್ ನಂಬರ್ ನಿಂದು, ಫಜಲುಲ್ಲಾ. ಯಾವ ಲೈನು, ಹೇಳಿಬಿಡು," ಎಂದ ಲಿಂಗಣ್ಣ.

ಫಜಲುಲ್ಲಾ ಇವತ್ತು ಬ್ಯಾಡ ಎಂದು ಕೈ ಅಡ್ಡ ಮಾಡಿದ. ಲಿಂಗಣ್ಣ ಕೇಳಲಿಲ್ಲ. ನಾಳೆ ವಿಜಯದಶಮಿ, ಬೆಳಿಗ್ಗೆ ಆರಕ್ಕೆ ಹೊಸ ಲೈನಿನ ಪ್ರಕಾರ ಗಾಡಿ ಬಿಡಬೇಕು, ಹೇಗೂ ಎಲ್ಲರೂ ಒಂದೇ ಕಡೆ ಸಿಕ್ಕಿದ್ದೀರಿ ಎಂದ. ಸಾವಿನ ಮನೆಯ ಎದುರಿಗೆ ಕೂತು ಆಡುವ ಮಾತೇ ಇದು? ಆದರೆ ಲಿಂಗಣ್ಣನಿಗೆ ಅದೆಲ್ಲ ತೋಚುತ್ತಿರಲಿಲ್ಲ. ಅವನು ಇನ್ನೂ ಒಂದು ಮಾತು ಸೇರಿಸಿದ.

"ಸೂರಪ್ಪ ಇದ್ದಾಗ ಇಷ್ಟು ತಡ ಆಗ್ತಿರ್ಲಿಲ್ಲ. ನಾ ಪೆನ್ನು ತೆಗೆಯೋದ್ರಾಗ 'ಕೊಕ್ಕನೂರು ವಸ್ತಿ' ಅಂದುಬಿಡ್ತಿದ್ದ. ಒಂಬತ್ತು ವರ್ಷ, ಒಂದೇ ಮಾತು."

ಮೈಲಮ್ಮ ಎದ್ದಳು. ಕೆಂಚಕ್ಕ ಸೆರಗು ಹಿಡಿದು ಎಳೆದರೂ ನಿಲ್ಲದೆ ಅಂಗಳ ದಾಟಿ ಜಗುಲಿಯ ಮುಂದೆ ನಿಂತಳು.

"ಯಾರು ಅಂದಿದ್ದು ಕೊಕ್ಕನೂರು ವಸ್ತಿ ಅಂತ? ಸಾಹುಕಾರ್ರೇನು?"

ಲಿಂಗಣ್ಣ ಕಕ್ಕಾಬಿಕ್ಕಿಯಾದ. ಸಾಹುಕಾರರು ಇದಕ್ಕೆ ಕೈ ಹಾಕುವುದಿಲ್ಲ ಎಂದು ತೊದಲಿದ. ಕಂಪನಿ ಶುರುವಾದಾಗಿನಿಂದ ಇದೇ ಪದ್ಧತಿ. ಆಯುಧಪೂಜೆ ದಿನ ಹನ್ನೊಂದು ಡ್ರೈವರುಗಳೂ ಸೇರುವುದು. ಮೊದಲು ಕೆಲಸಕ್ಕೆ ಬಂದವನು ಮೊದಲು ತನಗೆ ಬೇಕಾದ ಲೈನು ಆರಿಸಿಕೊಳ್ಳುವುದು, ಅವನ ಹಿಂದೆ ಎರಡನೆಯವನು, ಹೀಗೆ. ಐವತ್ತೆರಡನೇ ಇಸವಿಯಿಂದ ಮೊದಲ ನಂಬರು ಸೂರಪ್ಪನದು.

"ಹರಿಹರ ಲೈನು ಬೇಕು ಅಂದಿದ್ರೆ ಸಿಗ್ತಿತ್ತಾ?"

"ಸಿಗದೇ ಏನು ತಾಯಿ. ಅವನೇ ಬ್ಯಾಡ ಅಂದ."

*

ಐದು ವರ್ಷದ ಹಿಂದೆ ಮೈಲಮ್ಮನ ಅತ್ತೆ ತೀರಿಕೊಂಡಿದ್ದಳು. ಸೂರಪ್ಪನ ಬಸ್ಸು ಬಿಟ್ಟು ಕಾಲು ಗಂಟೆ ಆಗಿತ್ತು, ಅಷ್ಟೇ. ಹೆಣ ಇಟ್ಟುಕೊಂಡು ಮಾರನೆಯ ಬೆಳಿಗ್ಗೆ ಒಂಬತ್ತರವರೆಗೆ ಮಗನಿಗಾಗಿ ಕಾದವಳು ಸೊಸೆ. ಕರ್ಮಗಳೆಲ್ಲ ಮುಗಿದ ಮರುದಿನವೇ ಅವಳು ಮಂಡಿಪೇಟೆಯ ಸಾಹುಕಾರರ ಮನೆ ಬಾಗಿಲಿಗೆ ಹೋಗಿ ನಿಂತು, ನಿಮ್ಮ ಹೊಟ್ಟೆ ಹಾಳಾಗ, ನಿಮ್ಮ ಮಕ್ಕಳಿಗೂ ಇಂಥ ರಾತ್ರಿ ಬರಲಿ ಎಂದು ಬಾಯಿ ಮಾಡಿದ್ದಳು. ಸಾಹುಕಾರರು ಕಾಫಿ ಲೋಟ ಹಿಡಿದುಕೊಂಡು ಕೊನೆಯವರೆಗೂ ಕೇಳಿದರು. ಸಿಟ್ಟಾಗಲಿಲ್ಲ. "ನಿನ್ನ ಗಂಡನ್ನ ಕೇಳು ತಂಗಿ," ಎಂದಷ್ಟೇ ಹೇಳಿ ಒಳಗೆ ಹೋದರು. ಅದು ದೊಡ್ಡಸ್ತಿಕೆಯ ಸೊಕ್ಕು ಎಂದುಕೊಂಡು ಮೈಲಮ್ಮ ಮೆಟ್ಟಿಲ ಮೇಲೆ ಉಗಿದು ಬಂದಿದ್ದಳು.

ಅಂದು ನಾಲ್ಕು ಗಂಟೆಗೆ ಬಂದ ಸೂರಪ್ಪನಿಗೆ ವಿಷಯ ಗೊತ್ತಾಗಿತ್ತು. ಅವನು ಬಯ್ಯಲಿಲ್ಲ. ಎರಡರ ಬದಲು ಒಂದೇ ರೊಟ್ಟಿ ತಿಂದು ಎದ್ದಿದ್ದ.

*

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ಗಂಡನ ಮೇಲೆ ಹೋಗಬೇಕಾದ ಸಿಟ್ಟನ್ನು ಅವಳು ಅಷ್ಟು ವರ್ಷ ಮಂದಿಯ ಮೇಲೆ ಸುರಿದಿದ್ದಳು, ಲೈನು ಅವನೇ ಆರಿಸಿಕೊಂಡದ್ದೆಂದು ಇಡೀ ಕಂಪನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದವಳು ಅವಳೊಬ್ಬಳೇ.

"ಯಾಕ?" ಎಂದು ಕೇಳಿದಳು. ಎರಡನೆಯ ನಂಬರಿನವನು ಫಜಲುಲ್ಲಾ. ಒಂಬತ್ತು ವರ್ಷದಿಂದ ಹರಿಹರ ಲೈನು ಓಡಿಸುತ್ತಿದ್ದವನು ಅವನೇ. ಅವನು ನೆಲ ನೋಡುತ್ತ ಕೂತ. ಉತ್ತರ ಬಂದಿದ್ದು ಹಿಂದಿನಿಂದ, ಹೆಂಗಸರ ಗುಂಪಿನಿಂದ ಎದ್ದು ಬಂದ ಅವನ ಹೆಂಡತಿ ಖತೀಜಾಬೀಯಿಂದ.

"ನಿಮಗೆ ಗೊತ್ತಿಲ್ಲೇನಕ್ಕಾ? ನೀವೇ ಹೇಳಿದ್ರಂತಲ್ಲ."

ಖತೀಜಾಬೀ ಎಡಗೈ ತೋಳು ಮೇಲೆತ್ತಿದಳು. ಮೊಣಕೈಯಿಂದ ಮುಂಗೈವರೆಗೆ ಸುಟ್ಟ ಕಲೆ. ಅವಳಿಗೆ ಮೂರ್ಛೆರೋಗ ಇತ್ತು. ಐವತ್ತೆರಡರಲ್ಲಿ ಕೊಕ್ಕನೂರು ವಸ್ತಿ ಫಜಲುಲ್ಲಾನದಾಗಿತ್ತು, ಮನೆಯಲ್ಲಿ ಒಬ್ಬಳೇ ಇದ್ದಾಗ ಒಲೆಯ ಮೇಲೆ ಬಿದ್ದಿದ್ದಳು. ಆ ವರ್ಷ ಆಯುಧಪೂಜೆಯಲ್ಲಿ ಮೊದಲ ನಂಬರು ಬಂದ ಸೂರಪ್ಪ, ಯಾರೂ ಕೇಳದಿದ್ದರೂ, ಕೊಕ್ಕನೂರನ್ನು ತಾನು ತೆಗೆದುಕೊಂಡು ಹರಿಹರವನ್ನು ಫಜಲುಲ್ಲಾನಿಗೆ ಬಿಟ್ಟ. ನಿಮ್ಮ ಮನೆಯಲ್ಲಿ ಒಪ್ಪುತ್ತಾರಾ ಅಣ್ಣಾ ಎಂದು ಗಂಡಹೆಂಡತಿ ಕೇಳಿದಾಗ, ನಮ್ಮಾಕೆಯೇ ಹೇಳಿ ಕಳಿಸಿದ್ದು ಎಂದಿದ್ದನಂತೆ. ಆ ಹೆಣ್ಣುಮಗಳು ರಾತ್ರಿ ಒಬ್ಬಳೇ ಇರಬಾರದು, ನನಗೇನು, ಅತ್ತೆ ಇದ್ದಾರೆ, ಓಣಿ ಇದೆ ಅಂದಳು ಎಂದಿದ್ದನಂತೆ.

"ಒಂಬತ್ತು ರಂಜಾನ್ ಅಕ್ಕಾ," ಎಂದಳು ಖತೀಜಾಬೀ. "ಮೊದಲು ನಿಮ್ಮ ಹೆಸರಿಗೆ ದುವಾ ಮಾಡಿ, ಆಮೇಲೆ ನನ್ನ ಮಕ್ಕಳಿಗೆ."

ಪ್ರತಿ ರಂಜಾನಿಗೆ ಆ ಮನೆಯಿಂದ ತುಂಬಿದ ಬಟ್ಟಲು ಸುರಕುಂಬಾ ಪಾಯಸ ಬರುತ್ತಿದ್ದುದು ಯಾತಕ್ಕೆಂದು ಮೈಲಮ್ಮನಿಗೆ ಈಗ ಗೊತ್ತಾಯಿತು. ಕೆಂಚಕ್ಕ ಕಣ್ಣೀರು ಒರೆಸಿಕೊಂಡು, ದೇವರಂಥ ಮನುಷ್ಯ ಎಂದಳು. ಗೋಣೆಪ್ಪ ಹೌದೌದು ಎಂದು ತಲೆ ಆಡಿಸಿದ. ಎಲ್ಲರೂ ಮೈಲಮ್ಮ ಈಗ ಕರಗುತ್ತಾಳೆ, ಗಂಡನ ಕಾಲ ಮೇಲೆ ಬಿದ್ದು ಅಳುತ್ತಾಳೆ ಎಂದು ಕಾದರು.

ಅವಳು ಕರಗಲಿಲ್ಲ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಮಾತು ಬಾಯಿಗೆ ಬಂತು, ಆದರೆ ಅದೂ ಸಾಲದೆನಿಸಿತು. ಬಂದು ಹೆಣದ ಮುಂದೆ ನಿಂತು, ಬದುಕಿದ್ದವನಿಗೆ ಹೇಳಿದ ಹಾಗೇ ಹೇಳಿದಳು.

"ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಮಾಡಿದ್ಯಲ್ಲೋ. ನನ್ನ ಸಂಜೆ ಅವು. ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕೇಳಿದ್ರೆ ಕೊಡ್ತಿದ್ದೆನೋ ಏನೋ. ಕೇಳಬೇಕಿತ್ತು."

ಅವಳಿಗೆ ನಿಜವಾಗಿ ಹೊಟ್ಟೆ ಉರಿದದ್ದು ಅಲ್ಲೇ. ತನ್ನ ಹೆಸರಿನಲ್ಲಿ ದಾನವಾಗಿತ್ತು, ತನ್ನ ಹೆಸರಿಗೆ ಪ್ರಾರ್ಥನೆಯಾಗಿತ್ತು. ಆ ಹೆಸರಿನವಳು ಮಾತ್ರ ಇದೇ ಪಡಸಾಲೆಯಲ್ಲಿ ಒಬ್ಬಳೇ ಕೂತು ಸಾಹುಕಾರನಿಗೆ ಶಾಪ ಹಾಕುತ್ತಿದ್ದಳು. ಅವಳು ಇಲ್ಲವೆನ್ನುತ್ತಾಳೆಂದು ಅವನು ಹೆದರಿದ್ದನೇ? ಇಪ್ಪತ್ತೆರಡು ವರ್ಷ ರೊಟ್ಟಿ ತಿಂದವನಿಗೆ ಹೆಂಡತಿ ಇಷ್ಟೇ ಗೊತ್ತಾದದ್ದೇ? ಇನ್ನು ಕೇಳುವುದು ಯಾರನ್ನು!

ಮೈದುನ ಬೋರಣ್ಣ ಹೊತ್ತಾಯಿತೆಂದು ಅವಸರ ಮಾಡಿದ. ಹೆಣವನ್ನು ಚಟ್ಟದ ಮೇಲೆ ಮಲಗಿಸಿ ಕಟ್ಟಿದರು. ನಾಲ್ವರು ಬಗ್ಗಿದರು. ಮೈಲಮ್ಮ ಚಟ್ಟದ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕೂತುಬಿಟ್ಟಳು.

"ರೈಟರನ್ನ ಕರೀರಿ. ಪುಸ್ತಕ ತರ್ಲಿ."

ಲಿಂಗಣ್ಣ ಹೆದರುತ್ತ ಬಂದ. ಅವನ ಹಿಂದೆ ಫಜಲುಲ್ಲಾ ಬಂದು ಅವಳ ಎದುರಿಗೆ ಮೊಣಕಾಲೂರಿ ಕೂತ. ನಾಳೆಯಿಂದ ವಸ್ತಿಗೆ ತಾನು ಹೋಗುತ್ತೇನೆ, ಹರಿಹರ ಬೇಡವೇ ಬೇಡ ಎಂದ. ಖತೀಜಾಬೀ ಸುಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನೀ ಹೋದ್ರೆ ನನ್ನ ಗಂಡ ಮನೀಗೆ ಬರ್ತಾನೇನು?" ಎಂದು ಮೈಲಮ್ಮ ಅವನ ಮೇಲೂ ಹರಿಹಾಯ್ದಳು. ಆಮೇಲೆ ಲಿಂಗಣ್ಣನಿಗೆ ಹೇಳಿದಳು: "ಬರಕೋ. ಹರಿಹರ ಲೈನು, ಸೂರಪ್ಪ."

ಸತ್ತವರ ಹೆಸರು ರಿಜಿಸ್ಟರಿಗೆ ಬರುವುದಿಲ್ಲ ಎಂದು ಲಿಂಗಣ್ಣ ಗೋಗರೆದ. ಸಾಹುಕಾರರು ಕೇಳಿದರೆ ಏನು ಹೇಳಲಿ ಎಂದ.

"ಅವರನ್ನ ಒಂದ್ಸಲ ಬೈದೀನಿ, ಇನ್ನೊಂದ್ಸಲ ಬೈತೀನಿ. ನೀ ಬರಿ. ಬರಿಯೋಮಟ ಹೆಣ ಏಳಂಗಿಲ್ಲ. ಓಡಿಸಾಂವ ಫಜಲುಲ್ಲಾ ಅಂತ ಕೆಳಗ ಬರಕೋ, ಬದಲಿ ಅಂತ. ಲೈನು ನಂದು. ಈಗ ನಾನು ಕೊಡ್ತಿದ್ದೀನಿ."

ಫಜಲುಲ್ಲಾ ತಲೆ ಎತ್ತಲಿಲ್ಲ. ಬರೀರಿ ರೈಟರೇ ಎಂದ. ಲಿಂಗಣ್ಣ ಚಟ್ಟದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಪೆನ್ನು ಬಿಚ್ಚಿ ಬರೆದ. ಅವಳಿಗೆ ಓದು ಬರುತ್ತಿರಲಿಲ್ಲ, ಬರೆದದ್ದನ್ನು ಓದಿ ಹೇಳು ಎಂದಳು. ಅವನು ಓದಿದ: ಲೈನು, ದಾವಣಗೆರೆ ಹರಿಹರ. ಡ್ರೈವರು, ಸೂರಪ್ಪ. ಬದಲಿ, ಫಜಲುಲ್ಲಾ. ರಾತ್ರಿ ವಸ್ತಿ ಎಂಬ ಕೊನೆಯ ಕಾಲಮ್ಮು ಖಾಲಿ ಇತ್ತು. ಹರಿಹರ ಲೈನಿಗೆ ವಸ್ತಿ ಇಲ್ಲ, ಅದರಲ್ಲಿ ಒಂದು ಗೆರೆ ಎಳೆಯುವುದು ರೂಢಿ ಎಂದ.

"ಗೆರೆ ಬ್ಯಾಡ. ಮನೆ ಅಂತ ಬರಿ."

ಲಿಂಗಣ್ಣ ಬರೆದ. ಮನೆ ಅನ್ನೋದು ಯಾವುದು ಎಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ, ಎರಡು ಅಕ್ಷರ. ಮೈಲಮ್ಮ ಒಂದು ಕೈ ಬಿದಿರಿನ ಮೇಲೆ ಇಟ್ಟುಕೊಂಡೇ ಮುಂದೆ ಬಾಗಿ ಅವನ್ನು ನೋಡುತ್ತ ಕೂತಳು. ಹೆಗಲು ಕೊಡಲು ಬಗ್ಗಿದವರು ಬಗ್ಗಿದಂತೆಯೇ ನಿಂತಿದ್ದರು. ಮಸಿ ಒಣಗುವವರೆಗೂ ಯಾರೂ ಚಟ್ಟ ಎತ್ತಲಿಲ್ಲ.